ಹನ್ನಳು ಹೊಲಿದ ಪುಟ್ಟ ನಿಲುವಂಗಿ



ಪ್ರತಿಯೊಂದು ಧರ್ಮಕೇಂದ್ರದ ಕಚೇರಿಯಲ್ಲಿಯೂ ಬಲಿಪೂಜೆಯ ಕೋರಿಕೆಗಳನ್ನು ಬರೆದಿಡುವ ಪುಸ್ತಕವೊಂದಿರುತ್ತದೆ. ಮೃತರ ಆತ್ಮಶಾಂತಿಗಾಗಿ ಕೋರಿದ ಪೂಜೆಗಳೇ ಅದರಲ್ಲಿ ಹೆಚ್ಚು. ನಡುನಡುವೆ ಕೃತಜ್ಞತಾ ಪೂಜೆಗಳೂ ಇರುತ್ತವೆ. ಮಗಳು ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಉತ್ತೀರ್ಣಳಾದುದಕ್ಕೆ, ಮಗನಿಗೆ ಹೊರದೇಶದಲ್ಲಿ ಕೆಲಸ ದೊರೆತುದಕ್ಕೆ, ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆದುದಕ್ಕೆ, ಸಾಲ ತೀರಿದುದಕ್ಕೆ. ಎಲ್ಲವೂ ಯೋಗ್ಯವಾದ ಕೋರಿಕೆಗಳೇ. ಆದರೆ, ‘ನಿನ್ನೆ ಮಂಗಳವಾರ ಮಕ್ಕಳಿಬ್ಬರೂ ಜಗಳವಾಡಿದರು, ಅತ್ತರು, ಉಂಡರು, ಮಲಗಿದರು; ಅದಕ್ಕಾಗಿ ಒಂದು ಪೂಜೆ’ ಎಂದು ಕೋರಿಕೊಂಡು ಬಂದವರನ್ನು ಇಷ್ಟು ವರ್ಷಗಳ ಯಾಜಕ ಜೀವನದಲ್ಲಿ ನಾನು ಕಂಡಿಲ್ಲ.

ಕೈಗೂಡಿದ ಕಾರ್ಯಕ್ಕೆ ವಂದನೆ ಸಲ್ಲಿಸುವುದು ನಮಗೆ ರೂಢಿ. ಚಿಕ್ಕ ಮಕ್ಕಳಿರುವ ಮನೆಯಲ್ಲಾದರೋ ಯಾವ ಕಾರ್ಯವೂ ಮುಗಿಯುವುದಿಲ್ಲ. ಬೆಳಿಗ್ಗೆ ಒಗೆದ ಬಟ್ಟೆ ಸಂಜೆಗೆ ಕೊಳೆಯಾಗುತ್ತದೆ. ಒರೆಸಿದ ನೆಲದ ಮೇಲೆ ಮತ್ತೆ ಅನ್ನದ ಅಗುಳು ಬೀಳುತ್ತದೆ. ಹಾಡಿ ಮಲಗಿಸಿದ ಕೂಸು ನಡುರಾತ್ರಿ ಎದ್ದು ಅಳುತ್ತದೆ. ಇಂಥ ದಿನದ ಕೊನೆಯಲ್ಲಿ ದೇವರಿಗೆ ವಂದಿಸಲು ಏನಿದೆ? ಕಣ್ಣು ಮುಚ್ಚಿದರೆ ಸಾಕೆಂದು ಹಾಸಿಗೆಗೆ ಬೀಳುವ ತಾಯಿ ತಂದೆಯರಿಗೆ ಈ ಪ್ರಶ್ನೆ ಸಣ್ಣದಲ್ಲ.

ಕರಾವಳಿಯ ನಮ್ಮ ಕುಟುಂಬಗಳಲ್ಲಿ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನನೋತ್ಸವದ ದಿನ, ತೆನೆಹಬ್ಬ ಆಚರಿಸುವುದನ್ನು ನೀವು ಬಲ್ಲಿರಿ. ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ಒಯ್ದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಅದು ಮೊದಲ ತೆನೆ ಎಂಬುದನ್ನು ಗಮನಿಸಿ. ಉಳಿದ ಪೈರು ಇನ್ನೂ ಗದ್ದೆಯಲ್ಲಿಯೇ ಇರುತ್ತದೆ. ಮಳೆ ಬಂದು ಮಲಗಿಸಬಹುದು, ಹಂದಿ ನುಗ್ಗಬಹುದು. ಕಣಜ ತುಂಬಿದ ಮೇಲೆ ವಂದಿಸೋಣವೆಂದು ನಮ್ಮ ಹಿರಿಯರು ಕಾಯಲಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಅಂಕಪಟ್ಟಿ ಕೈಗೆ ಬರುವವರೆಗೂ ಕಾಯುತ್ತೇವೆ.

ಹೋಗಲಿ, ಇದು ಮರೆವಿನಿಂದಾದ ಲೋಪ, ತಿದ್ದಿಕೊಳ್ಳಬಹುದು. ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದನ್ನು ಕೆಲವು ವರ್ಷಗಳ ಹಿಂದೆ ಮನೆಭೇಟಿಯ ಸಮಯದಲ್ಲಿ ಯುವ ತಾಯಿಯೊಬ್ಬರು ನನ್ನ ಮುಂದಿಟ್ಟರು. ಅವರ ಕಂಕುಳಲ್ಲಿ ಎಂಟು ತಿಂಗಳ ಕೂಸು. ನಾಲ್ಕು ವರ್ಷದ ಮಗ ಸೆರಗು ಹಿಡಿದು ಜಗ್ಗುತ್ತಿದ್ದ. ‘ಫಾದರ್, ಮಕ್ಕಳು ದೇವರ ವರ ಅಂತ ಪ್ರಸಂಗದಲ್ಲಿ ಹೇಳ್ತೀರಿ. ನನಗೆ ಸುಸ್ತು ಬಿಟ್ಟರೆ ಬೇರೇನೂ ಅನ್ನಿಸೋದೇ ಇಲ್ಲ. ನಾನು ಉಪಕಾರ ಸ್ಮರಣೆ ಇಲ್ಲದವಳಾ?’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರ ಅತ್ತೆ ಉತ್ತರಿಸಿದರು: ‘ಹಾಗೆಲ್ಲ ಅನ್ನಬಾರದು ಕಣಮ್ಮ. ಒಂದು ಮಗುವಿಗಾಗಿ ಎಷ್ಟು ಜನ ಹರಕೆ ಹೊತ್ತು ಅಲೀತಾರೆ. ಅವರನ್ನ ನೋಡಿಯಾದರೂ ದೇವರಿಗೆ ಸ್ತೋತ್ರ ಹೇಳು.’

ಅದೇ ಕೋಣೆಯಲ್ಲಿ ಆ ಮನೆಯ ಹಿರಿಯ ಸೊಸೆ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. ಮದುವೆಯಾಗಿ ಒಂಬತ್ತು ವರ್ಷ; ಮಕ್ಕಳಿರಲಿಲ್ಲ. ಅವರು ಮೊರವನ್ನೆತ್ತಿಕೊಂಡು ಒಳಗೆ ಹೋದರು.

ಅತ್ತೆಯದು ಕೆಟ್ಟ ಮನಸ್ಸಲ್ಲ. ಅವರು ಹೇಳಿದ್ದು ನಾವೆಲ್ಲರೂ ಹೇಳುವ ಮಾತೇ. ಪ್ರಸಂಗಪೀಠದಿಂದಲೂ ಕೇಳಿಬರುವ ಮಾತು. ಆದರೆ ಆ ಒಂದು ಮಾತಿನಿಂದ ಇಬ್ಬರು ಹೆಣ್ಣುಮಕ್ಕಳಿಗೆ ನೋವಾಯಿತು. ಒಬ್ಬಳ ದಣಿವು ಪಾಪವೆನಿಸಿಕೊಂಡಿತು. ಇನ್ನೊಬ್ಬಳ ಬದುಕು ಮತ್ತೊಬ್ಬರ ಭಾಗ್ಯವನ್ನು ಅಳೆಯುವ ಅಳತೆಗೋಲಾಯಿತು.

ಇಲ್ಲದವರನ್ನು ನೋಡಿ ಇರುವವರು ದೇವರನ್ನು ಸ್ತುತಿಸುವುದು ಕೃತಜ್ಞತೆಯೇ? ಸಂತ ಲೂಕರ ಶುಭಸಂದೇಶದ 18ನೆಯ ಅಧ್ಯಾಯವನ್ನು ತೆರೆದು ನೋಡಿ. ಮಹಾದೇವಾಲಯಕ್ಕೆ ಹೋದ ಇಬ್ಬರಲ್ಲಿ ಕೃತಜ್ಞತೆಯ ಮಾತಿನಿಂದ ಪ್ರಾರ್ಥನೆ ಆರಂಭಿಸಿದವನು ಫರಿಸಾಯನೇ ಹೊರತು ಸುಂಕದವನಲ್ಲ! ತಾನು ಇತರರಂತಿಲ್ಲ, ಅದರಲ್ಲಿಯೂ ಆಚೆ ನಿಂತಿರುವ ಆ ಮನುಷ್ಯನಂತಿಲ್ಲ ಎಂಬುದೇ ಅವನ ವಂದನೆಯ ಕಾರಣ. ಯೇಸುಸ್ವಾಮಿ ಆ ಪ್ರಾರ್ಥನೆಯನ್ನು ಮೆಚ್ಚಲಿಲ್ಲ. ಪಕ್ಕದವನ ಕೊರತೆಯ ಮೇಲೆ ನಿಂತ ಸ್ತೋತ್ರವು ಪಕ್ಕದವನಿಗೆ ಒಳಿತಾದ ದಿನವೇ ಕುಸಿಯುತ್ತದೆ. ಅವನಿಗೂ ನನ್ನಷ್ಟೇ ದೊರೆತರೆ ನಾನು ಯಾವುದಕ್ಕಾಗಿ ವಂದಿಸಲಿ?

ನಮ್ಮ ಭಾಷೆಯ ‘ಕೃತಜ್ಞತೆ’ ಎಂಬ ಪದವೇ ಇಲ್ಲಿ ನಮಗೆ ದಾರಿ ತೋರಿಸಬಲ್ಲದು. ಕೃತ ಎಂದರೆ ಮಾಡಿದ್ದು. ಜ್ಞ ಎಂದರೆ ಬಲ್ಲವನು. ನನಗಾಗಿ ಏನು ಮಾಡಲ್ಪಟ್ಟಿದೆ ಎಂಬುದನ್ನು ಬಲ್ಲವನೇ ಕೃತಜ್ಞ. ಉಕ್ಕಿ ಬರುವ ಆನಂದದ ಸುಳಿವು ಈ ಪದದಲ್ಲಿ ಇಲ್ಲವೇ ಇಲ್ಲ, ಇರುವುದು ಅರಿವು. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ಕೃತಜ್ಞತೆಗೆ ಮೂರು ಮೆಟ್ಟಿಲುಗಳನ್ನು ಹೇಳುತ್ತಾರೆ. ಪಡೆದ ಉಪಕಾರವನ್ನು ಗುರುತಿಸುವುದು ಮೊದಲನೆಯದು, ವಂದಿಸುವುದು ಎರಡನೆಯದು, ತಕ್ಕ ಕಾಲದಲ್ಲಿ ಶಕ್ತ್ಯನುಸಾರ ಪ್ರತಿಯಾಗಿ ಏನಾದರೂ ಮಾಡುವುದು ಮೂರನೆಯದು. ಮೊದಲನೆಯ ಮೆಟ್ಟಿಲನ್ನೇ ಹತ್ತದಿರುವುದು, ಅಂದರೆ ಪಡೆದಿದ್ದೇನೆಂಬುದನ್ನೇ ಕಾಣದಿರುವುದು, ಅವರ ಪ್ರಕಾರ ಕೃತಘ್ನತೆಯ ಅತಿ ಘೋರ ರೂಪ. ಗುಣ ಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದ ಸಮಾರಿಯದವನ ವಿಷಯದಲ್ಲಿಯೂ ಸಂತ ಲೂಕರು ಮೊದಲು ಹೇಳುವುದು, ತಾನು ಗುಣ ಹೊಂದಿರುವುದನ್ನು ಆತ ಕಂಡನೆಂದು. ಕಂಡದ್ದರಿಂದಲೇ ತಿರುಗಿದ.

ಹೀಗಿರುವಾಗ, ದಣಿದ ತಾಯಿಯ ಮನಸ್ಸಿನಲ್ಲಿ ಸಂತೋಷ ಉಕ್ಕದಿದ್ದರೆ ಅವಳು ಕೃತಘ್ನಳಲ್ಲ. ದಣಿವು ದೇಹದ ಸ್ಥಿತಿ. ಅದು ಹೃದಯದ ಅಪರಾಧವಲ್ಲ. ಇಸ್ರಯೇಲರನ್ನು ಮರುಭೂಮಿಯಲ್ಲಿ ನಡೆಸುತ್ತಿದ್ದ ಮೋಶೆ ಒಮ್ಮೆ ದೇವರ ಮುಂದೆ ಗೋಳಾಡಿದ. ಈ ಜನರನ್ನು ಹೆತ್ತವನು ತಾನೇ, ದಾದಿಯು ಮೊಲೆಗೂಸನ್ನು ಎತ್ತಿಕೊಳ್ಳುವಂತೆ ಇವರನ್ನು ತಾನೊಬ್ಬನೇ ಹೊರಬೇಕೇ, ಇದಕ್ಕಿಂತ ಸಾವೇ ಲೇಸಲ್ಲವೇ ಎಂದು ಕೇಳಿದ. ಅಷ್ಟು ದೊಡ್ಡ ಪ್ರವಾದಿ ತನ್ನ ಬಳಲಿಕೆಗೆ ಕೂಸು ಹೊತ್ತವರ ಬಳಲಿಕೆಯನ್ನೇ ಉಪಮೆಯಾಗಿ ಆರಿಸಿಕೊಂಡನು! ದೇವರು ಅವನನ್ನು ಗದರಿಸಲಿಲ್ಲ. ಉಳಿದವರನ್ನು ನೋಡಿ ಸಮಾಧಾನ ಮಾಡಿಕೋ ಎನ್ನಲೂ ಇಲ್ಲ. ಎಪ್ಪತ್ತು ಮಂದಿ ಹಿರಿಯರನ್ನು ಕರೆತರಲು ಹೇಳಿ, ಹೊರೆಯನ್ನು ಅವರ ಹೆಗಲಿಗೂ ಹಂಚಿದರು. ಗಂಡಂದಿರು ಈ ಭಾಗವನ್ನು ಎರಡು ಸಲ ಓದುವುದು ಒಳ್ಳೆಯದು. ರಾತ್ರಿ ಅಳುವ ಕೂಸನ್ನು ಒಂದು ಗಳಿಗೆ ಹೆಗಲಿಗೆ ಹಾಕಿಕೊಳ್ಳದೆ, ಹೆಂಡತಿಗೆ ಕೃತಜ್ಞತೆಯ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಹೆರಿಗೆಯ ನಂತರ ಕೆಲವರನ್ನು ಕಾಡುವ ಖಿನ್ನತೆ ಒಂದು ಕಾಯಿಲೆ ಎಂಬುದನ್ನೂ ನೆನಪಿಡಿ. ಅದಕ್ಕೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು.

ಇನ್ನು ‘ಧನ್ಯವಾದ’ ಎಂಬ ಮಾತಿನ ವಿಷಯ. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು, ಕುಟುಂಬದ ಕುರಿತು 2016ರಲ್ಲಿ ಹೊರಡಿಸಿದ ‘ಆಮೋರಿಸ್ ಲೆತೀತ್ಸಿಯಾ’ ಪತ್ರದಲ್ಲಿ, ಅಪ್ಪಣೆ ಕೇಳುವುದು, ವಂದಿಸುವುದು, ಕ್ಷಮೆ ಬೇಡುವುದು ಎಂಬ ಮೂರು ಮಾತುಗಳು ಮನೆಯಲ್ಲಿ ಬಳಕೆಯಲ್ಲಿರಬೇಕೆಂದು ಒತ್ತಿ ಹೇಳಿದರು. ನಮ್ಮ ಕನ್ನಡದ ಮನೆಗಳಲ್ಲಿ ಬಡಿಸಿದ ತಾಯಿಗೆ ಮಗ ‘ಧನ್ಯವಾದಗಳು’ ಎಂದರೆ ಆಕೆ ನಕ್ಕುಬಿಟ್ಟಾಳು, ಇಲ್ಲವೇ ಇವನಿಗೇನಾಯಿತೆಂದು ಹಣೆ ಮುಟ್ಟಿ ನೋಡಿಯಾಳು. ನಮ್ಮಲ್ಲಿ ಅದು ಸಭೆಯ ಮಾತು, ವೇದಿಕೆಯ ಕೊನೆಯ ಕಾರ್ಯಕ್ರಮ. ಇದನ್ನು ನಾನು ದೊಡ್ಡ ಕೊರತೆಯೆಂದು ಎಣಿಸುವುದಿಲ್ಲ. ‘ಇವತ್ತಿನ ಸಾರು ಚೆನ್ನಾಗಿತ್ತಮ್ಮ’ ಎಂಬ ಮಾತಿನಲ್ಲಿ ಜಗದ್ಗುರುಗಳು ಬಯಸಿದ್ದು ಪೂರ್ತಿಯಾಗಿ ಇದೆ. ಯಾವ ಮಾತೂ ಇಲ್ಲದೆ ತಟ್ಟೆ ಸರಿಸಿ ಎದ್ದುಹೋಗುವುದೇ ಕೊರತೆ.

ನಿಜವಾದ ಅಪಾಯ ಇರುವುದು ಲೆಕ್ಕದ ಪುಸ್ತಕದಲ್ಲಿ. ‘ನಿನಗೋಸ್ಕರ ಎಷ್ಟೆಲ್ಲ ಮಾಡಿದೆ’ ಎಂಬ ಮಾತು ಐದು ವರ್ಷದ ಮಗುವಿನ ಮುಂದೆಯೂ ಬರುತ್ತದೆ. ಹೆತ್ತವರ ಋಣವೆಂಬುದು ನಮ್ಮ ಸಂಸ್ಕೃತಿಯ ಘನವಾದ ಭಾವನೆ. ಅದನ್ನು ಮಕ್ಕಳು ತಾವಾಗಿ ನೆನೆದರೆ ಸೊಗಸು, ತಂದೆ ತಾಯಂದಿರೇ ಬಡ್ಡಿ ಸಹಿತ ಎತ್ತಿ ತೋರಿದರೆ ಅದು ಸಾಲವಸೂಲಿ. ಸಾಲಗಾರನಿಗೆ ಸಾಲ ಕೊಟ್ಟವನ ಮುಖ ಕಂಡು ಸಂತೋಷವಾಗುವುದನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ?

ಹಾಗಾದರೆ ಮಕ್ಕಳಿಗಾಗಿ ಕೃತಜ್ಞರಾಗಿ ಬದುಕುವುದೆಂದರೆ ಹೇಗೆ? ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಹನ್ನಳ ಕಥೆಯಿದೆ. ಎಲ್ಕಾನನ ಇಬ್ಬರು ಪತ್ನಿಯರಲ್ಲಿ ಪೆನಿನ್ನಳಿಗೆ ಮಕ್ಕಳಿದ್ದರು, ಹನ್ನಳಿಗೆ ಇರಲಿಲ್ಲ. ವರ್ಷವರ್ಷವೂ ಶಿಲೋವಿನ ಯಾತ್ರೆಗೆ ಹೋದಾಗ ಪೆನಿನ್ನಳು ಅವಳನ್ನು ಕೆಣಕುತ್ತಿದ್ದಳು. ಹನ್ನಳು ಅಳುತ್ತಾ ಊಟ ಬಿಡುತ್ತಿದ್ದಳು. ದೇವರನ್ನು ವಂದಿಸಲು ಹೊರಟ ಯಾತ್ರೆ! ಮಡಿಲ ತುಂಬ ಮಕ್ಕಳನ್ನು ಪಡೆದಾಕೆ ಅಲ್ಲಿ ಮಾಡಿದ್ದು, ಅವರನ್ನು ಇನ್ನೊಬ್ಬಳಿಗೆ ಚುಚ್ಚುವ ಮುಳ್ಳಾಗಿಸಿಕೊಂಡದ್ದು. ಮಕ್ಕಳಿರುವುದೂ ಮಕ್ಕಳಿಗಾಗಿ ಕೃತಜ್ಞರಾಗಿರುವುದೂ ಒಂದೇ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮುಂದೆ ಹನ್ನಳು ಸಮುವೇಲನನ್ನು ಹೆತ್ತಳು. ಮೊಲೆ ಬಿಡಿಸಿದ ನಂತರ ಹರಕೆಯಂತೆ ಅವನನ್ನು ಶಿಲೋವಿನಲ್ಲಿ ಯಾಜಕ ಏಲಿಯ ಬಳಿ ಬಿಟ್ಟಳು. ಅವಳ ಹೆಸರಾಂತ ಸ್ತೋತ್ರಗೀತೆ ಗ್ರಂಥದಲ್ಲಿ ಬರುವುದು ಹೆರಿಗೆಯ ಸಂದರ್ಭದಲ್ಲಲ್ಲ, ಮಗನನ್ನು ಅಲ್ಲಿ ಒಪ್ಪಿಸಿದ ಸಂದರ್ಭದಲ್ಲಿ. ಪಡೆದದ್ದು ತನ್ನ ಸೊತ್ತಲ್ಲವೆಂದು ಬಲ್ಲವಳ ಹಾಡು ಅದು. ಆದರೆ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಅದೇ ಅಧ್ಯಾಯದಲ್ಲಿ ಮುಂದೆ ಬರುವ ಒಂದು ಸಣ್ಣ ವಿವರ. ಆ ತಾಯಿ ಪ್ರತಿವರ್ಷವೂ ಒಂದು ಪುಟ್ಟ ನಿಲುವಂಗಿಯನ್ನು ಸಿದ್ಧಪಡಿಸಿ, ಯಾತ್ರೆಗೆ ಬಂದಾಗ ಮಗನಿಗೆ ತಂದುಕೊಡುತ್ತಿದ್ದಳು.

ಅಳತೆ ಎಲ್ಲಿಂದ ಬಂತು? ಧರ್ಮಗ್ರಂಥ ಅದನ್ನು ಹೇಳುವುದಿಲ್ಲ. ಮಗ ಕಣ್ಣೆದುರಿಗಿಲ್ಲ. ಕಳೆದ ವರ್ಷ ಅಪ್ಪಿಕೊಂಡಾಗ ತಲೆ ತನ್ನ ಸೊಂಟಕ್ಕೆ ಬರುತ್ತಿತ್ತು. ಈಗ ಎಷ್ಟು ಬೆಳೆದಿರಬಹುದು? ತೋಳು ಒಂದು ಗೇಣು ಹೆಚ್ಚು ಬೇಕೇ, ಅರ್ಧ ಗೇಣು ಸಾಕೇ? ಊರಿನ ಅದೇ ವಯಸ್ಸಿನ ಹುಡುಗರನ್ನು ಕಣ್ಣಿನಲ್ಲಿಯೇ ಅಳೆದಿರಬೇಕು. ಕೃತಜ್ಞತೆ ಎಂದರೆ ಬಲ್ಲವರಾಗಿರುವುದು ಎಂದೆನಲ್ಲ, ಅದು ಇಷ್ಟು ಸೂಕ್ಷ್ಮವಾದ ಬಲ್ಲತನ. ಒಂದೇ ಸೂರಿನಡಿ ಇದ್ದೂ ಮಗನ ಚಪ್ಪಲಿ ಕಾಲನ್ನು ಕಚ್ಚುತ್ತಿರುವುದು ತಿಂಗಳುಗಟ್ಟಲೆ ತಿಳಿಯದ ತಂದೆಯರು ನಮ್ಮಲ್ಲಿದ್ದಾರೆ. ಅವರು ಕೊಡಿಸಿದ ಆಟಿಕೆಗಳ ಬೆಲೆ ಮಾತ್ರ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಅವರೆಕಾಯಿ ಮೊರ ಎತ್ತಿಕೊಂಡು ಒಳಗೆ ಹೋದ ಆ ಹಿರಿಯ ಸೊಸೆಯ ವಿಷಯ ನನಗೆ ಮುಂದೊಂದು ದಿನ ತಿಳಿಯಿತು. ಆ ನಾಲ್ಕು ವರ್ಷದ ಹುಡುಗ ಯಾವ ಕಥೆ ಹೇಳಿದರೆ ನಿದ್ದೆ ಹೋಗುತ್ತಾನೆ, ಯಾವ ಪಲ್ಯವನ್ನು ತಟ್ಟೆಯ ಕೆಳಗೆ ಬಚ್ಚಿಡುತ್ತಾನೆ, ಗುಡುಗು ಬಂದಾಗ ಎಲ್ಲಿ ಅಡಗುತ್ತಾನೆ ಎಂಬುದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದುದು ಅವನ ದೊಡ್ಡಮ್ಮನಿಗೆ. ಆ ಮಕ್ಕಳಿಗಾಗಿ ದೇವರ ಮುಂದೆ ಕೃತಜ್ಞತೆಯಿಂದ ನಿಲ್ಲಲು ಆಕೆಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಆಕೆಯ ದುಃಖ ಅದರಿಂದ ಕರಗಿತೆಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಲ್ಲವು.

ಸಂತ ಲೊಯೋಲಾದ ಇಗ್ನೇಷಿಯಸರು ಕಲಿಸಿದ ಆತ್ಮಶೋಧನೆಯಲ್ಲಿ ಐದು ಹಂತಗಳಿವೆ. ಮೊದಲನೆಯದು ಪಾಪಗಳ ಪಟ್ಟಿಯಲ್ಲ. ಪಡೆದ ವರಗಳಿಗಾಗಿ ದೇವರಿಗೆ ವಂದನೆ. ಗುರುಮಠದಲ್ಲಿ ನಮಗೆ ಇದನ್ನು ಮೌನದ ಸಮಯದಲ್ಲಿ ಅಭ್ಯಾಸ ಮಾಡಿಸಿದರು. ಮಕ್ಕಳಿರುವ ಮನೆಯಲ್ಲಿ ಮೌನದ ಸಮಯವೆಂದರೆ ಅವರು ಮಲಗಿದ ನಂತರ ಸಿಗುವ ಐದು ನಿಮಿಷ ಮಾತ್ರ. ನನಗೆ ಪರಿಚಯವಿರುವ ದಂಪತಿಗಳು ಆ ಐದು ನಿಮಿಷದಲ್ಲಿ, ಶಿಲುಬೆಯ ಗುರುತು ಹಾಕಿಕೊಂಡು, ಆ ದಿನ ಮಕ್ಕಳಲ್ಲಿ ತಾವು ಕಂಡ ಒಂದೊಂದು ಸಂಗತಿಯನ್ನು ಪರಸ್ಪರ ಹೇಳಿಕೊಳ್ಳುತ್ತಾರೆ. ಒಳ್ಳೆಯದೇ ಆಗಬೇಕೆಂದಿಲ್ಲ, ಕಂಡದ್ದಾಗಿರಬೇಕು. ಕೊನೆಗೆ ಒಂದು ಪರಲೋಕ ಮಂತ್ರ, ಅಷ್ಟೇ. ಗಂಡ ಬಸ್ಸಿನ ಚಾಲಕ. ಕೆಲವು ರಾತ್ರಿ ಮನೆ ಸೇರುವುದೇ ಹನ್ನೊಂದಕ್ಕೆ. ಅಂಥ ದಿನ, ‘ಇವತ್ತು ನಾನು ಏನೂ ನೋಡಲಿಲ್ಲ’ ಎಂದು ಒಪ್ಪಿಕೊಳ್ಳುತ್ತಾರೆ. ಆಗ ಹೆಂಡತಿ ತನ್ನ ಪಾಲಿನದನ್ನೇ ಅವರಿಗೂ ಕೊಡುತ್ತಾರೆ: ‘ಇವತ್ತು ಅವನು ಯಾರೂ ಹೇಳಿಕೊಡದೆ ಬಲಗಾಲಿನ ಚಪ್ಪಲಿಯನ್ನ ಬಲಗಾಲಿಗೇ ಹಾಕ್ಕೊಂಡ.’