ಕಡ್ಡಾಯ ವಂತಿಗೆ ಮತ್ತು ಅಮಿಶರ ಧರ್ಮಸಂಕಟ

ದುಡಿಯುವವರಿಂದಲೂ ಮಾಲೀಕರಿಂದಲೂ ವಂತಿಗೆ ಹಿಡಿದು ವೃದ್ಧರಿಗೆ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ಯೋಜನೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1935ರ ಕಾಯಿದೆಯಿಂದ. 1955ರಲ್ಲಿ ಅದು ಸ್ವಂತ ಬೇಸಾಯ ಮಾಡುವವರಿಗೂ ಅನ್ವಯವಾದಾಗ ಪೆನ್ಸಿಲ್ವೇನಿಯಾ, ಒಹಾಯೊ ಕಡೆಯ ಅಮಿಶ್ ಕ್ರೈಸ್ತರು ತಕರಾರು ತೆಗೆದರು. ಆದಾಯ ತೆರಿಗೆ, ಜಮೀನಿನ ತೆರಿಗೆಗಳನ್ನು ತಪ್ಪದೆ ಕಟ್ಟುವ ಜನ ಅವರು. ದುಡ್ಡು ಉಳಿಸುವ ಹಟ ಇದಾಗಿರಲಿಲ್ಲ. ಮುದುಕರನ್ನೂ ವಿಧವೆಯರನ್ನೂ ನೋಡಿಕೊಳ್ಳುವುದು ಮನೆಯವರ ಮತ್ತು ಸಭೆಯ ಹೊಣೆ, ಅದನ್ನು ಸರ್ಕಾರದ ವಿಮೆಗೆ ವಹಿಸಿದರೆ ದೇವರ ಮೇಲಿನ ಭರವಸೆ ಕೈಬಿಟ್ಟಂತೆ ಎಂಬುದು ಅವರ ನಂಬಿಕೆ.

1961ರ ವಸಂತದಲ್ಲಿ ವ್ಯಾಲೆಂಟೈನ್ ಬೈಲರ್ ಎಂಬ ಅಮಿಶ್ ರೈತ ಹೊಲ ಉಳುತ್ತಿದ್ದಾಗ ತೆರಿಗೆ ಅಧಿಕಾರಿಗಳು ಬಂದು, ವಂತಿಗೆಯ ಬಾಕಿಗಾಗಿ ಅವನ ಮೂರು ಕುದುರೆಗಳನ್ನು ಜಪ್ತಿ ಮಾಡಿ ಮಾರಿದರು. ಟ್ರ್ಯಾಕ್ಟರ್ ಬಳಸದವನಿಗೆ ಕುದುರೆ ಹೋದರೆ ಬಿತ್ತನೆಯೇ ಇಲ್ಲ. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. 1965ರಲ್ಲಿ ಸಂಸತ್ತು ಇಂಥ ಪಂಥಗಳಿಗೆ ವಿನಾಯಿತಿ ಕೊಟ್ಟಿತು. ಆದರೆ ಷರತ್ತು ಬಿಗಿಯಾಗಿದೆ: ಪಂಥವು 1950ರ ಕೊನೆಯಿಂದಲೂ ನಿರಂತರವಾಗಿ ಇದ್ದಿರಬೇಕು, ತನ್ನವರನ್ನು ತಾನೇ ಸಾಕುತ್ತಿರಬೇಕು, ವಿನಾಯಿತಿ ಬೇಕಾದವನು ಯೋಜನೆಯ ಎಲ್ಲ ಸವಲತ್ತನ್ನೂ ಬರಹದಲ್ಲಿ ಬಿಟ್ಟುಕೊಡಬೇಕು.

ಈ ವಿನಾಯಿತಿ ಸ್ವಂತ ದುಡಿಮೆಯವರಿಗೆ ಮಾತ್ರ ಇತ್ತು. ಎಡ್ವಿನ್ ಲೀ ಎಂಬ ಅಮಿಶ್ ಬಡಗಿ ತನ್ನ ಅಮಿಶ್ ಕೆಲಸಗಾರರ ಪರವಾಗಿಯೂ ವಂತಿಗೆ ಕಟ್ಟಲಿಲ್ಲ. 1982ರಲ್ಲಿ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪಿತ್ತಿತು. ವಂತಿಗೆಯಿಂದ ಅವನ ಧರ್ಮಾಚರಣೆಗೆ ಅಡ್ಡಿಯಾಗುವುದನ್ನು ನ್ಯಾಯಾಲಯ ಒಪ್ಪಿತು. ಆದರೂ ನಂಬಿಕೆಗೊಂದು ವಿನಾಯಿತಿ ಕೊಡುತ್ತ ಹೋದರೆ ಎಲ್ಲರ ವಂತಿಗೆಯಿಂದ ನಡೆಯುವ ವ್ಯವಸ್ಥೆ ನಿಲ್ಲದು ಎಂದಿತು. 1988ರಲ್ಲಿ, ಮಾಲೀಕ ಮತ್ತು ಕೆಲಸಗಾರ ಇಬ್ಬರೂ ಇಂಥ ಪಂಥದವರಾದರೆ ವಿನಾಯಿತಿ ಸಿಗುವಂತೆ ಸಂಸತ್ತು ಕಾಯಿದೆ ಬದಲಿಸಿತು.

ಬಲವಂತವಾಗಿ ವಸೂಲಾದ ಹಣ ದಾನವಲ್ಲ ಎಂಬ ಹಳೆಯ ವಾದ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಅಮಿಶರ ಸಭೆಯೊಳಗೂ ಕೊಡುವುದು ಇಷ್ಟ ಬಂದರೆ ಮಾತ್ರ ಎಂಬಂತಿಲ್ಲ. ಅಲ್ಲಿ ಕಾಯಿದೆಯ ಬದಲು ನೆರೆಹೊರೆಯ ಕಣ್ಣಿದೆ, ಕಟ್ಟಳೆ ಮೀರಿದವನಿಗೆ ಬಹಿಷ್ಕಾರವಿದೆ. ಹಾಗಾಗಿ ಪ್ರಶ್ನೆ ಬಲವಂತ ಬೇಕೋ ಬೇಡವೋ ಎಂಬುದಕ್ಕಿಂತ ಹೆಚ್ಚಾಗಿ ಯಾರ ಬಲವಂತ ಎಂಬುದು. ಸರ್ಕಾರದ ಬಲವಂತ ಮುಖ ನೋಡುವುದಿಲ್ಲ. ಅದರ ಕೊರತೆಯೂ ಅದೇ, ಗುಣವೂ ಅದೇ. ಉದಾಹರಣೆಗೆ, ನಡುವಯಸ್ಸಿನಲ್ಲಿ ಪಂಥ ತೊರೆದವನ ವಿನಾಯಿತಿ ಅಲ್ಲಿಗೆ ಮುಗಿಯುತ್ತದೆ, ವಂತಿಗೆ ಅಂದಿನಿಂದ ಶುರುವಾಗುತ್ತದೆ. ಪಿಂಚಣಿಗೆ ಸಾಮಾನ್ಯವಾಗಿ 10 ವರ್ಷದ ದುಡಿಮೆಯ ಲೆಕ್ಕ ಬೇಕು. ವಿನಾಯಿತಿಯಲ್ಲಿ ಕಳೆದ ವರ್ಷಗಳು ಅದಕ್ಕೆ ಸೇರುವುದಿಲ್ಲ.