ಅಂಜಿಕೆಯೆಂಬ ಅಂಟುಜಾಡ್ಯ



ಭಾನುವಾರದ ಬಲಿಪೂಜೆಯ ನಂತರ ನಮ್ಮ ಧರ್ಮಕೇಂದ್ರದ ಅಜ್ಜಿಯೊಬ್ಬರು ನನ್ನ ಬಳಿ ಬಂದರು. ಅವರ ಮಗಳ ಸಂಸಾರ ಅಮೆರಿಕದ ಷಿಕಾಗೊ ನಗರದ ಹೊರವಲಯದಲ್ಲಿದೆ. 2024ರ ಮೇ ಕೊನೆಯಲ್ಲಿ ಮೊಮ್ಮಗಳ ಶಾಲೆಯವರು ಮಕ್ಕಳನ್ನು ಹತ್ತಿರದ ಕಾಡಿಗೆ ಕರೆದೊಯ್ದಿದ್ದರಂತೆ. ಕೆಂಪು ಕಣ್ಣಿನ ಹುಳುವೊಂದು ಮರದಿಂದ ಒಬ್ಬ ಹುಡುಗಿಯ ಕುತ್ತಿಗೆಯ ಮೇಲೆ ಬಿತ್ತು. ಅವಳು ಚೀರಿದಳು. ಹುಳುವನ್ನು ನೋಡದವರೂ ಚೀರಿದರು. ಎಲ್ಲರೂ ಬಸ್ಸಿನತ್ತ ಓಡಿದರು. ಇವರ ಮೊಮ್ಮಗಳು ಮುಂದಿದ್ದ ಗೆಳತಿಯನ್ನು ತಳ್ಳಿಕೊಂಡು ಓಡಿದಳು. ಗೆಳತಿ ಬಿದ್ದು ಮೊಣಕಾಲಿಗೆ ಗಾಯ ಮಾಡಿಕೊಂಡಳು.

"ಫಾದರ್, ಇದನ್ನೆಲ್ಲ ಈಗ ಕೇಳಿ ತಿಳಿದೆ. ಇನ್ನು ಮಗುವನ್ನು ಅಂಥ ಕಡೆ ಕಳಿಸಲೇಬೇಡ ಎಂದು ಮಗಳಿಗೆ ಹೇಳಿದೆ. ಸರಿ ತಾನೆ?" ಎಂದರು ಅಜ್ಜಿ.

ಆ ಹುಳು ನಮ್ಮ ಮಲೆನಾಡಿನ ಕಾಡುಗಳಲ್ಲಿ ಕಿವಿಗಡಚಿಕ್ಕುವಂತೆ ಕೂಗುವ ಜೀರುಂಡೆಯ ಬಳಗದ್ದು. ಷಿಕಾಗೊ ಸುತ್ತಿನ ಈ ಜೀರುಂಡೆಗಳು 17 ವರ್ಷ ನೆಲದಡಿಯಲ್ಲಿ ಮರದ ಬೇರಿನ ರಸ ಹೀರಿ ಬೆಳೆದು, ಮಣ್ಣು ಸುಮಾರು 18 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾದಾಗ ಒಟ್ಟಿಗೇ ಮೇಲೇಳುತ್ತವೆ. ಕೆಲವು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತವೆ. ಕುಟುಕುವುದಿಲ್ಲ, ವಿಷವೂ ಇಲ್ಲ. 2024ರಲ್ಲಿ ಅವುಗಳ ಜೊತೆ 13 ವರ್ಷಕ್ಕೊಮ್ಮೆ ಬರುವ ಇನ್ನೊಂದು ದೊಡ್ಡ ತಂಡವೂ ಎದ್ದಿತು. ಇವೆರಡೂ ಕೂಡಿ ಬಂದದ್ದು 1803ರ ನಂತರ ಅದೇ ಮೊದಲು. ಆ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದ ನ್ಯೂಬೆರಿ ಕೌಂಟಿಯ ಜನ ಅವುಗಳ ಸದ್ದನ್ನು ಸೈರನ್ ಎಂದು ತಿಳಿದು ಷರೀಫರ ಕಚೇರಿಗೆ ಫೋನ್ ಮಾಡಿದ್ದರು! ದೊಡ್ಡವರೇ ಹೀಗಾದರೆ ಮಕ್ಕಳ ಪಾಡೇನು?

ಪವಿತ್ರ ಗ್ರಂಥದ ಸಂಖ್ಯಾಕಾಂಡವನ್ನು ತೆರೆಯಿರಿ. ಕಾನಾನ್ ನಾಡನ್ನು ನೋಡಿಬರಲು ಮೋಶೆ 12 ಮಂದಿಯನ್ನು ಕಳುಹಿಸಿದನು. 40 ದಿನ ಎಲ್ಲರೂ ಕಂಡದ್ದು ಒಂದೇ ನಾಡು, ಒಂದೇ ದ್ರಾಕ್ಷಿಗೊಂಚಲು. ಆದರೆ ಹತ್ತು ಮಂದಿ, ಅಲ್ಲಿನ ದೈತ್ಯರ ಮುಂದೆ ತಾವು ಬರೀ ಮಿಡತೆಗಳು ಎಂದು ನಡುಗಿದರು. ಅಂದು ರಾತ್ರಿ ಪಾಳೆಯವೆಲ್ಲ ಗೋಳಾಡಿತು. ಅತ್ತವರು ದೈತ್ಯರನ್ನು ಕಂಡವರೇ? ಅಲ್ಲ! ಅಂಜಿದವರ ಮುಖವನ್ನು ಕಂಡವರು. ಧೈರ್ಯ ಹೇಳಿದ ಯೆಹೋಶುವ, ಕಾಲೇಬರಿಗೆ ಕಲ್ಲೆಸೆಯಲೂ ಮುಂದಾದರು. ನೋಡಿದಿರಾ? ಅಂಜಿಕೆ ಮೊದಲು ನಮ್ಮನ್ನು ಮಿಡತೆಯಾಗಿಸುತ್ತದೆ. ಆಮೇಲೆ ಪಕ್ಕದಲ್ಲಿರುವ ಸಹೋದರನನ್ನೇ ಶತ್ರುವಾಗಿಸುತ್ತದೆ.

ಭಯಪಡುವುದು ಪಾಪವಲ್ಲ. ಹಾವನ್ನು ಕಂಡರೆ ಹಿಂದೆ ಸರಿಯಲೇಬೇಕು. ಧೈರ್ಯವೆಂದರೆ ಭಯವೇ ಇಲ್ಲದಿರುವುದಲ್ಲ. ಭಯವನ್ನೂ ದುಡುಕನ್ನೂ ವಿವೇಕದ ಹತೋಟಿಯಲ್ಲಿಡುವ ಸದ್ಗುಣ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ.

ಪ್ರಿಯ ತಂದೆತಾಯಿಗಳೇ, ನಮ್ಮ ಮನೆಗಳಲ್ಲಿ ಮೊದಲು ಚೀರುವವರು ಯಾರು? ಪರೀಕ್ಷೆಯ ಅಂಕ, ಸಾಲದ ಚಿಂತೆ, ನೆರೆಯವರ ಬಗ್ಗೆ ಕೇಳಿದ ಗಾಳಿಮಾತು – ನಾವು ಗಾಬರಿಯಿಂದ ಕೂಗಾಡಿದರೆ, ಹುಳುವನ್ನು ನೋಡದ ಮಕ್ಕಳೂ ಓಡುತ್ತಾರೆ. ಓಡುವಾಗ ಯಾರನ್ನೋ ತಳ್ಳುತ್ತಾರೆ.

ನಾನು ಅಜ್ಜಿಯನ್ನು ಕೇಳಿದೆ: "ಮಗು ಏನನ್ನುತ್ತದೆ?"

"ಹುಳುವಿನ ಮಾತೇ ಎತ್ತುವುದಿಲ್ಲ ಫಾದರ್. ಆ ಹುಡುಗಿಗೆ ಹೇಗೆ ಮುಖ ತೋರಿಸಲಿ ಎನ್ನುತ್ತಾಳೆ."

ನಿಜವಾದ ಗಾಯ ಎಲ್ಲಿದೆಯೆಂದು ದೊಡ್ಡವರಿಗಿಂತ ಮಗುವಿಗೇ ಚೆನ್ನಾಗಿ ಗೊತ್ತಿತ್ತು! ಮನೆಯೊಳಗೆ ಕೂಡಿಹಾಕಿದರೆ ಆ ಗಾಯ ಮಾಯುವುದಿಲ್ಲ. "ಮಗುವನ್ನು ಗೆಳತಿಯ ಮನೆಗೆ ಕರೆದೊಯ್ದು ಕ್ಷಮೆ ಕೇಳಿಸಲು ಮಗಳಿಗೆ ಹೇಳಿ. ಆಮೇಲೆ ಇಬ್ಬರೂ ಕೈಹಿಡಿದು ಅದೇ ಕಾಡಿಗೆ ಹೋಗಲಿ" ಎಂದೆ. ಪರಿಪೂರ್ಣ ಪ್ರೀತಿ ಭಯವನ್ನು ಹೊರದೂಡುತ್ತದೆಂದು ಸಂತ ಯೊವಾನ್ನರು ಬರೆದದ್ದು ಇದನ್ನೇ ಅಲ್ಲವೇ? ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತೇ ಫೋನ್ ಮಾಡುತ್ತೇನೆ" ಎಂದರು.

ಆ 17 ವರ್ಷದ ಜೀರುಂಡೆಗಳ ಸಂತತಿ ಈಗ ಮಣ್ಣಿನಡಿ ಬೆಳೆಯುತ್ತಿದೆ. 2041ರಲ್ಲಿ ಅವು ಮೇಲೆ ಬಂದಾಗ ಈ ಹುಡುಗಿಯರು ತಾಯಂದಿರಾಗಿರಬಹುದು. ಅಂದು ತಮ್ಮ ಮಕ್ಕಳಿಗೆ ಅವರು ಏನನ್ನು ಕಲಿಸುತ್ತಾರೋ ಅದನ್ನು ಇಂದು ನಮ್ಮಿಂದಲೇ ಕಲಿಯುತ್ತಾರೆ.

ಇಂದು ಸಂಜೆಯ ಜಪಸರದ ನಂತರ ಮಕ್ಕಳನ್ನು ಕೇಳಿ: "ನಿನಗೆ ಯಾವುದರ ಭಯ?" ಬಳಿಕ ನಿಮ್ಮನ್ನು ನೀವೇ ಕೇಳಿಕೊಳ್ಳಿ: "ಅಂಜಿ ಓಡುವಾಗ ನಾನು ಯಾರನ್ನು ತಳ್ಳಿದೆ?" ಬಿದ್ದವರ ಬಳಿಗೆ ಹಿಂತಿರುಗುವ ಧೈರ್ಯವನ್ನು ಪ್ರಭು ನಮಗೆಲ್ಲ ಕರುಣಿಸಲಿ.