ಮನೆಯ ಮೀನಿನ ತೊಟ್ಟಿ ಮತ್ತು ಮೊದಲನೆಯ ಶೀಲ



ಧಮ್ಮ ಬಂಧುಗಳೇ,

ಬೇರೆಯವರ ತಪ್ಪು ತಿದ್ದುವುದು ಮೇಷ್ಟ್ರಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಇವತ್ತು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಎರಡು ವರ್ಷದ ಹಿಂದೆ ಮಗ ಹಠ ಮಾಡಿದನೆಂದು ಚಿತ್ರದುರ್ಗದ ನಮ್ಮ ಮನೆಗೆ ಒಂದು ಅಕ್ವೇರಿಯಂ ತಂದೆ. ಅದರಲ್ಲಿ ಬಿಟ್ಟದ್ದು ಆಸ್ಕರ್ ಎಂಬ ಮೀನು. ಮೂಲ ಊರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ತಂದಾಗ ಹೆಬ್ಬೆರಳಿನಷ್ಟಿತ್ತು. ವರ್ಷ ತುಂಬುವುದರೊಳಗೆ ಅಂಗೈಗಿಂತ ದೊಡ್ಡದಾಯಿತು. ಕಪ್ಪು ಮೈ ಮೇಲೆ ಕೆಂಡದಂಥ ಪಟ್ಟೆಗಳು. ನಾನು ಶಾಲೆಯಿಂದ ಬಂದರೆ ಗಾಜಿನ ಹತ್ತಿರ ಬಂದು ನಿಲ್ಲುತ್ತಿತ್ತು.

ಅಂಗಡಿಯವರು ಹೇಳಿದ್ದರು: "ಇದು ಬೇಟೆ ಮೀನು ಸಾರ್. ವಾರಕ್ಕೊಂದ್ಸಲ ಜೀವಂತ ಮೀನು ಹಾಕಿ, ಬಣ್ಣ ಚೆನ್ನಾಗಿ ಬರುತ್ತೆ." ಸರಿ ಎಂದು ಭಾನುವಾರ ಬೆಳಿಗ್ಗೆ ವಂದನೆಗೆ ಹೋಗಿ ಪಂಚಶೀಲ ಸ್ವೀಕರಿಸಿ ಬರುತ್ತಿದ್ದೆ. ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಇಪ್ಪತ್ತು ಗಪ್ಪಿ ಮೀನು ತಂದು ಅದೇ ಕೈಯಿಂದ ತೊಟ್ಟಿಗೆ ಸುರಿಯುತ್ತಿದ್ದೆ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುತ್ತಾರಲ್ಲ, ಅದೇ ಗಪ್ಪಿ. ಮಗ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ನೆಂಟರು ಬಂದರೆ "ಇರಿ, ಒಂದು ತಮಾಷೆ ತೋರಿಸ್ತೀನಿ" ಎನ್ನುತ್ತಿದ್ದೆ. ಎರಡು ನಿಮಿಷದಲ್ಲಿ ಮುಕ್ಕಾಲು ಪಾಲು ಮುಗಿಯುತ್ತಿದ್ದವು. ಉಳಿದ ಒಂದೆರಡು ಫಿಲ್ಟರಿನ ಪೈಪಿನ ಹಿಂದೆ ಅವಿತು ನಿಲ್ಲುತ್ತಿದ್ದವು. ನಾನು ಒಂದು ಕಡ್ಡಿ ತಗೊಂಡು ಅವನ್ನೂ ಈಚೆಗೆ ಓಡಿಸುತ್ತಿದ್ದೆ.

ಮನಸ್ಸಿಗೆ ಎಂದಾದರೂ ಚುಚ್ಚಿದರೆ ಉತ್ತರ ಸಿದ್ಧವಿತ್ತು: ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುವುದು ಪ್ರಕೃತಿ ನಿಯಮ.

ಹೋದ ಬೇಸಿಗೆಯಲ್ಲಿ ಹೊಸದುರ್ಗದ ಕಡೆಯ ಹಳ್ಳಿಯಿಂದ ಅವ್ವ ಬಂದಿದ್ದಳು. ಅವ್ವ ಕೆರೆಯಲ್ಲಿ ಮೀನು ಹಿಡಿದವಳು, ಸಾರು ಮಾಡಿ ನಮ್ಮನ್ನು ಸಾಕಿದವಳು. ಮೀನು ಸಾಯುವುದನ್ನು ಕಂಡು ಅಳುವವಳಲ್ಲ. ನನ್ನ ತಮಾಷೆಯನ್ನು ನೋಡಿ ಅವಳು ಹೇಳಿದ್ದು ಇಷ್ಟು:

"ಕೆರ್ಯಾಗೂ ದೊಡ್ಡದು ಸಣ್ಣದನ್ನ ತಿಂತೈತೆ ಕಣಪ್ಪ. ಆದ್ರೆ ಅಲ್ಲಿ ಕಲ್ಲೈತೆ, ಜೊಂಡೈತೆ, ಓಡಾಕೆ ದಾರಿ ಐತೆ. ಇಲ್ಲಿ ಇರೋದೊಂದು ಸಂದಿ. ಅದನ್ನೂ ನೀನೇ ಕಡ್ಡಿ ಹಾಕಿ ಬಿಡಿಸ್ತಿದೀಯಲ್ಲ."

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಪ್ರಕೃತಿ ನಿಯಮ ಎಂದು ಯಾವುದಕ್ಕೆ ಹೆಸರಿಟ್ಟಿದ್ದೆನೋ ಅದರಲ್ಲಿ ಪ್ರಕೃತಿಯದು ಆಸ್ಕರ್ ಮೀನಿನ ಬಾಯಿ ಒಂದೇ. ಗಾಜು ನನ್ನದು, ಕವರು ನನ್ನದು, ಕಡ್ಡಿ ನನ್ನದು. ಯಾರು ಒಳಗೆ ಬೀಳಬೇಕು, ಯಾರು ಹೊಟ್ಟೆ ತುಂಬಿಸಿಕೊಳ್ಳಬೇಕು ಎಂದು ತೀರ್ಮಾನ ಮಾಡಿದವನು ನಾನು. ಎಲ್ಲ ಏರ್ಪಾಡನ್ನೂ ನಾನೇ ಮಾಡಿ, ಕೊನೆಗೆ ಅದು ಸಹಜ ಎಂದುಬಿಟ್ಟೆ.

ಬಂಧುಗಳೇ, ಈ ಮಾತನ್ನು ನಾವು ಮೊದಲೇ ಕೇಳಿದ್ದೇವೆ. ಅವ್ವ ಚಿಕ್ಕವಳಿದ್ದಾಗ ಊರ ಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಲ್ಲಬೇಕಿತ್ತು. ಯಾರಾದರೂ ಸೇದಿ ಹೊಯ್ದರೆ ನೀರು, ಇಲ್ಲದಿದ್ದರೆ ಇಲ್ಲ. ಕೇಳಿದರೆ "ಮೊದಲಿಂದ ಹಂಗೇ ನಡ್ಕಂಡು ಬಂದೈತೆ" ಎನ್ನುತ್ತಿದ್ದರಂತೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಾಗ ಪ್ರಕೃತಿಯ ಯಾವ ನಿಯಮವೂ ಮುರಿಯಲಿಲ್ಲ. ಮುರಿದದ್ದು ಮನುಷ್ಯರ ಏರ್ಪಾಡು.

ನಮ್ಮ ದೇಶದ ಹಳೆಯ ರಾಜನೀತಿಯಲ್ಲಿ ಬಲಿಷ್ಠ ದುರ್ಬಲನನ್ನು ನುಂಗುವ ಸ್ಥಿತಿಗೆ 'ಮತ್ಸ್ಯನ್ಯಾಯ' ಎಂದೇ ಹೆಸರು. ಎಂಟನೆಯ ಶತಮಾನದ ಬಂಗಾಳದಲ್ಲಿ ಮತ್ಸ್ಯನ್ಯಾಯವನ್ನು ಕೊನೆಗಾಣಿಸಲೆಂದು ಜನ ಗೋಪಾಲನನ್ನು ರಾಜನನ್ನಾಗಿ ಮಾಡಿಕೊಂಡರೆಂದು ಅವನ ಮಗ ಧರ್ಮಪಾಲನ ಖಾಲಿಂಪುರ ತಾಮ್ರಶಾಸನ ಹೇಳುತ್ತದೆ. ಅದು ಬೌದ್ಧರಾದ ಪಾಲರ ವಂಶ. ಮೀನಿನ ನ್ಯಾಯ ಮೀನಿಗಿರಲಿ, ಮನುಷ್ಯನಿಗೆ ಅದು ನ್ಯಾಯವಲ್ಲ ಎಂಬ ತಿಳಿವಳಿಕೆ ಆ ಮಾತಿನಲ್ಲಿದೆ.

ಇನ್ನು ನಮ್ಮ ಜಿಲ್ಲೆಯ ಹೆಮ್ಮೆ ಅಶೋಕ ಚಕ್ರವರ್ತಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳುವುದು, ಜೀವಿಗಳ ವಿಷಯದಲ್ಲಿ ದಯೆ, ಸತ್ಯ ನುಡಿಯುವುದು, ಇವು ಬ್ರಹ್ಮಗಿರಿಯ ಬಂಡೆಯ ಪಾಠ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ನಾನೇ ಇದನ್ನು ವಿವರಿಸಿದ್ದೇನೆ. ಆದರೆ ಉತ್ತರ ಭಾರತದಲ್ಲಿರುವ ಅವನ ಐದನೆಯ ಸ್ತಂಭ ಶಾಸನವನ್ನು ಗಮನವಿಟ್ಟು ಓದಿರಲಿಲ್ಲ. ಈಗ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿರುವ ತೋಪ್ರಾ ಸ್ತಂಭದ ಮೇಲೂ ಅದು ಇದೆ. ಯಾವ ಪ್ರಾಣಿಗಳನ್ನು ಕೊಲ್ಲಬಾರದು, ಯಾವ ದಿನ ಮೀನು ಕೊಲ್ಲಬಾರದು, ಮಾರಬಾರದು ಎಂಬ ಪಟ್ಟಿಯ ನಡುವೆ ಒಂದು ಸಣ್ಣ ಆಜ್ಞೆ ಇದೆ: ಒಂದು ಜೀವಕ್ಕೆ ಇನ್ನೊಂದು ಜೀವವನ್ನು ಉಣಿಸಿ ಸಾಕಬಾರದು ಎಂದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಆ ಮಾತು ನೇರವಾಗಿ ನನ್ನ ಹಾಲ್‌ಗೆ ಬಂದಂತಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. "ಮೇಷ್ಟ್ರೇ, ನಾವು ಮಾಂಸ ತಿನ್ನುವವರು. ಸಸ್ಯಾಹಾರದ ಹೆಸರಿನಲ್ಲೇ ನಮ್ಮನ್ನು ಹೀನಾಯ ಮಾಡಿದ್ದಾರೆ. ನೀವೂ ಅದನ್ನೇ ಶುರು ಮಾಡಿದಿರಾ?" ಇಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಮೀನು ಸಾರು ಆಗುತ್ತದೆ. ಯಾರ ತಟ್ಟೆಯನ್ನೂ ಬಗ್ಗಿ ನೋಡುವ ಅಧಿಕಾರ ಯಾರಿಗೂ ಇಲ್ಲ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಹಿಂಸೆಯನ್ನು ಕಟ್ಟುಪಾಡಾಗಿ ಅಲ್ಲ, ತತ್ವವಾಗಿ ವಿವರಿಸಿದ್ದಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿ ತೋರಿಸಿದ್ದಾರೆ. ಅವ್ವ ಕೆರೆಯಲ್ಲಿ ಮೀನು ಹಿಡಿದದ್ದು ಹಸಿವಿಗೆ. ನಾನು ಕಡ್ಡಿ ಹಿಡಿದದ್ದು ಯಾವ ಹಸಿವಿಗೆ? ಓಡಿಹೋಗುವ ಜೀವವೊಂದು ಸಿಕ್ಕಿಬೀಳುವುದನ್ನು ಕಣ್ಣಿಂದ ಸವಿಯುವ ಹಸಿವು ಅದು. ಜೊತೆಗೆ ಆ ರುಚಿಯನ್ನು ನನ್ನ ಮಗನಿಗೂ ಹಚ್ಚಿದೆ. ಇದೇ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು.

ಮೀನಿನ ಮೇಲೆ ಯಾವ ತಪ್ಪೂ ಇಲ್ಲ. ಅದು ಶೀಲ ಸ್ವೀಕರಿಸಿಲ್ಲ, ಸ್ವೀಕರಿಸಿದವನು ನಾನು. ಚೇತನವೇ, ಎಂದರೆ ಮನಸ್ಸಿನ ಸಂಕಲ್ಪವೇ ಕರ್ಮ ಎಂದು ಭಗವಾನರು ಹೇಳಿದ್ದು ಇಂಥ ಕಡೆಯೇ ಕೆಲಸಕ್ಕೆ ಬರುತ್ತದೆ.

"ಅಪ್ಪ, ಸಂತೆ ಹೊಂಡಕ್ಕೆ ಬಿಟ್ಟುಬಿಡೋಣ" ಎಂದ ಮಗ. ಕರುಣೆಯ ಮಾತೇ, ಆದರೆ ಪ್ರಜ್ಞೆ ಇಲ್ಲದ ಕರುಣೆ. ಹೊರದೇಶದ ಬೇಟೆ ಮೀನನ್ನು ಹೊಂಡಕ್ಕೋ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೋ ಬಿಟ್ಟರೆ ಅದೇ ಸಾಯಬಹುದು. ಬದುಕಿದರೆ ಅಲ್ಲಿನ ಮೀನುಗಳಿಗೆ ಕಂಟಕವಾಗಬಹುದು. ನನ್ನ ತಪ್ಪನ್ನು ಊರ ನೀರಿಗೆ ಸುರಿದು ಕೈ ತೊಳೆದುಕೊಂಡ ಹಾಗೆ ಅದು. ಆಸ್ಕರ್ ಹತ್ತು ವರ್ಷಕ್ಕೂ ಮೇಲೆ ಬದುಕುವ ಮೀನು. ತಂದವನು ನಾನು, ಸಾಕಬೇಕಾದವನೂ ನಾನು.

ಹಾಗಾಗಿ ಕಾಳಿನ ಆಹಾರಕ್ಕೆ ರೂಢಿ ಮಾಡಿಸಿದೆವು. ಐದು ದಿನ ಮೂಸಲೂ ಇಲ್ಲ. ಮಗ ಗಾಬರಿಯಾದ. ಆರನೆಯ ದಿನ ಒಂದು ಕಾಳು ನುಂಗಿತು. ಈಗ ಅದನ್ನೇ ತಿನ್ನುತ್ತದೆ, ಜೊತೆಗೆ ಆಗಾಗ ಒಣ ಸಿಗಡಿ. ಬಣ್ಣವೇನೂ ಮಾಸಿಲ್ಲ. ಜೀವಂತ ಮೀನಿನ ಜೊತೆ ರೋಗವೂ ತೊಟ್ಟಿಗೆ ಬರುತ್ತದೆಂದು ಆಮೇಲೆ ತಿಳಿಯಿತು. ಆದರೆ ನಾನು ಶುದ್ಧನಾದೆ ಎಂದು ಹೇಳಲಾರೆ. ಆ ಕಾಳಿನಲ್ಲೂ ಮೀನಿನ ಪುಡಿ ಇರುತ್ತದೆ. ಅಮೆಜಾನಿನ ಜೀವ ಇನ್ನೂ ನಾಲ್ಕು ಗಾಜಿನ ನಡುವೆಯೇ ಇದೆ. ಇದು ತೀರಿದ ಮೇಲೆ ಇನ್ನೊಂದನ್ನು ತರುವುದಿಲ್ಲ ಎಂದು ನಾನೂ ಮಗನೂ ಮಾತಾಡಿಕೊಂಡಿದ್ದೇವೆ. ಸದ್ಯಕ್ಕೆ ಆಗಿರುವುದು ಅಷ್ಟು. ಕಡ್ಡಿ ಕೈಯಿಂದ ಬಿದ್ದಿದೆ, ಮೊಬೈಲಿನ ವಿಡಿಯೋಗಳನ್ನು ಮಗನೇ ಅಳಿಸಿದ್ದಾನೆ.

ಇಂದಿನ ಚಿಂತನೆಗೆ: ಮನೆಯಲ್ಲಿ, ಕೆಲಸದ ಜಾಗದಲ್ಲಿ, ಕೈಕೆಳಗಿನವರ ವಿಷಯದಲ್ಲಿ "ಅದು ಹಂಗೇ ಇರೋದು" ಎಂದು ನಾವು ಎಲ್ಲೆಲ್ಲಿ ಹೇಳುತ್ತೇವೆ? ಅಲ್ಲೆಲ್ಲ ಒಂದು ಸಲ ನಮ್ಮ ಕೈ ನೋಡಿಕೊಳ್ಳೋಣ. ಅದರಲ್ಲಿ ಕಡ್ಡಿ ಇದೆಯೇ?

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ಜೈ ಭೀಮ್.